ಡಬ್ಬಿಯ ಹೊರಗಿನ ಸ್ವಿಚ್ಚು

ಆಫೀಸಿನಲ್ಲಿ ಬೆನ್ನ ಹಿಂದೆ ಎಲ್ಲರೂ ಅವಳನ್ನು ಅಗುಳಿ ಎನ್ನುತ್ತಿದ್ದರು. ಬಾಗಿಲಿಗೆ ಅಡ್ಡ ಹಾಕುವ ಮರದ ಪಟ್ಟಿಯ ಹಾಗೆ ಅವಳು ಎಲ್ಲದಕ್ಕೂ ಅಡ್ಡ ಬರುತ್ತಾಳೆ ಎಂದು ಯಜಮಾನರು ಇಟ್ಟ ಹೆಸರು ಅದು. ಅವಳ ಕಿವಿಗೂ ಬಿದ್ದಿತ್ತು. "ಅಗುಳಿ ಇರೋದ್ರಿಂದ್ಲೇ ನೀವೆಲ್ಲ ನಿದ್ದೆ ಮಾಡ್ತಿರೋದು" ಎಂದು ಒಮ್ಮೆ ಎಲ್ಲರೆದುರೇ ಹೇಳಿ, ನಾವು ಮುಖ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ಒದ್ದಾಡುತ್ತಿದ್ದರೆ ತಾನೊಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಎದುರಿಗೆ ಮಾತ್ರ ಎಲ್ಲರಿಗೂ ಅವಳು ಅಕ್ಕ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ "ನೀವು" ಎಂದದ್ದಕ್ಕೆ "ನನಗೇನು ನೂರು ವರ್ಷ ಆಗಿದೆಯೇನೇ?" ಎಂದು ಗದರಿ "ನೀನು" ಅನ್ನಿಸಿಕೊಂಡವಳು. ಆದ್ದರಿಂದ ಇಲ್ಲೂ ಹಾಗೇ ಬರೆಯುತ್ತೇನೆ.

ನಮ್ಮ ಆಫೀಸು ಇದ್ದದ್ದು ಒಂದು ಹಾಸಿಗೆ ಅಂಗಡಿಯ ಮೇಲೆ. ಮೆಟ್ಟಿಲು ಹತ್ತಬೇಕಾದರೆ ಪ್ಲಾಸ್ಟಿಕ್ ಸುತ್ತಿ ನಿಲ್ಲಿಸಿದ ಹಾಸಿಗೆಗಳನ್ನು ಭುಜದಿಂದ ತಳ್ಳಿಕೊಂಡೇ ಹೋಗಬೇಕು. ಮೇಲೆ ಒಂದೇ ಉದ್ದನೆಯ ಕೋಣೆ, ಕೊನೆಯಲ್ಲಿ ಯಜಮಾನರ ಗಾಜಿನ ಗೂಡು, ಕಿಟಕಿಯ ಪಕ್ಕ ಅಕ್ಕನ ಮೇಜು, ಅವಳ ಎದುರಿಗೆ ನಾನು. ಬೇರೆಯವರು ಮಾಡಿದ್ದನ್ನು ಬಳಸುವವರಿಗೆ ತಿಳಿಯುವ ಹಾಗೆ ಕೈಪಿಡಿ ಬರೆಯುವುದು ನನ್ನ ಕೆಲಸ. ನನಗೇ ತಿಳಿಯದ್ದನ್ನು ದಾದಿಯರಿಗೂ ರೋಗಿಗಳಿಗೂ ತಿಳಿಸುವುದು ಹೇಗೆ? ಹಾಗಾಗಿ ದಿನಾ ಅಕ್ಕನ ಪ್ರಾಣ ತಿನ್ನುತ್ತಿದ್ದೆ. ಅವಳು ಬೈದುಕೊಂಡೇ ಹೇಳಿಕೊಡುತ್ತಿದ್ದಳು.

ಅವಳು ಕಟ್ಟುತ್ತಿದ್ದದ್ದು ಮನಸ್ಸಿನ ಕಾಯಿಲೆ ನೋಡುವ ಆಸ್ಪತ್ರೆಗಳಿಗಾಗಿ. ರೋಗಿ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಡಾಕ್ಟರ ಮುಖ ನೋಡಿಕೊಂಡು ಮಾತಾಡಬಹುದು, ಬರೆದು ಕಳಿಸಬಹುದು. ಅದೇನು ಮಹಾ, ಎಲ್ಲರೂ ಮಾಡುತ್ತಾರಲ್ಲ ಎಂದು ನಾನೂ ಮೊದಲು ಮೂಗು ಮುರಿದಿದ್ದೆ. ಆಗ ಅಕ್ಕ ಕುರ್ಚಿ ಎಳೆದುಕೊಂಡು ಬಂದು ಕೂತಳು.

"ಈಗ ನಾವು ಹಾಕೋ ಬೀಗ ಇದೆಯಲ್ಲ, ಇವತ್ತಿನ ಯಾವ ಯಂತ್ರಕ್ಕೂ ಅದನ್ನ ತೆಗೆಯಕ್ಕಾಗಲ್ಲ. ಆದ್ರೆ ಮುಂದೆ ಕ್ವಾಂಟಂ ಅಂತ ಬೇರೆ ಥರದ ಕಂಪ್ಯೂಟರ್ ಬರುತ್ತೆ. ದೊಡ್ಡದಾಗಿ ಬಂತು ಅಂದ್ರೆ ಈ ಬೀಗ ಅದಕ್ಕೆ ಲೆಕ್ಕಕ್ಕೇ ಇಲ್ಲ."

"ಬಂದಾಗ ಬೀಗ ಬದಲಾಯಿಸಿದ್ರಾಯ್ತು."

"ಪೆದ್ದಿ. ಕಳ್ಳ ಈಗ್ಲೇ ಪೆಟ್ಟಿಗೆ ಹೊತ್ಕೊಂಡು ಹೋಗಿ ಅಟ್ಟದ ಮೇಲಿಟ್ಕೊಂಡಿರ್ತಾನೆ ಕಣೇ. ಕೀಲಿ ಸಿಗೋವರೆಗೆ ಕಾಯ್ತಾನೆ. ಹತ್ತು ವರ್ಷವೋ ಇಪ್ಪತ್ತು ವರ್ಷವೋ, ಅವನಿಗೇನು ಅವಸರ? ನೀನು ಆಮೇಲೆ ನಿನ್ನ ಮನೆ ಬೀಗ ಬದಲಾಯಿಸಿ ಏನು ಬಂತು?"

ಹಾಗಾಗಿ ಆ ಯಂತ್ರಕ್ಕೂ ಬಗ್ಗದ ಹೊಸ ಲೆಕ್ಕದ ಬೀಗವನ್ನು ಈಗಲೇ ಹಾಕಬೇಕು ಎನ್ನುವುದು ಅವಳ ವಾದ. ಹಾಕಿದ್ದನ್ನು ಯಾರೂ ಕದಲಿಸಬಾರದು ಎಂದು ಇಡೀ ತಂತ್ರಾಂಶವನ್ನು ಒಂದು ಕಂಟೈನರಿನೊಳಗೆ ಕೂರಿಸಿದಳು. ನಾವು ಅದನ್ನು ಡಬ್ಬಿ ಎನ್ನುತ್ತಿದ್ದೆವು. ಪರದೆ, ಬೀಗ, ಅದಕ್ಕೆ ಬೇಕಾದ ಸಣ್ಣಪುಟ್ಟ ಸರಂಜಾಮೆಲ್ಲ ಆ ಡಬ್ಬಿಯೊಳಗೇ. ಯಾರ ಮನೆಯ ಯಾವ ಹಳೇ ಕಂಪ್ಯೂಟರಿನಲ್ಲಿ ಇಟ್ಟರೂ ಒಳಗಿರುವುದು ಅದೇ. ಮೇಲೆ ಅಕ್ಕನ ಮುದ್ರೆ. ಒಳಗಿನ ಒಂದು ಅಕ್ಷರ ಬದಲಾದರೂ ಮುದ್ರೆ ಒಡೆದು ಡಬ್ಬಿ ತೆರೆದುಕೊಳ್ಳುವುದೇ ಇಲ್ಲ. ಈ ಡಬ್ಬಿಗಳನ್ನು ಆಸ್ಪತ್ರೆಗಳಿಗೂ ರೋಗಿಗಳ ಮನೆಗಳಿಗೂ ಆಫೀಸಿನಿಂದಲೇ ರವಾನೆ ಮಾಡುವವನಿಗೆ ಡಬ್ಬಿಯಣ್ಣ ಎಂದು ಹೆಸರು ಬಿತ್ತು. ಸಾಧು ಮನುಷ್ಯ. ಯಾರು ಏನು ಹೇಳಿದರೂ ತಲೆಯಾಡಿಸುವುದೇ ಅವನ ದೋಷ.

ಈ ಪರಿ ಹಠ ಯಾಕೆ ಎಂದು ನನಗೆ ಗೊತ್ತಾದದ್ದು ಅವಳ ಮನೆಗೆ ಹೋದಮೇಲೆ.

ಅವಳಿಗೆ ಒಬ್ಬ ತಮ್ಮ. ಮೊದಲು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು, ಈಗ ಮನೆಯ ಮುಂದಿನ ಕೋಣೆಯಲ್ಲಿ ಕೂತು ಸುಟ್ಟುಹೋದ ಫ್ಯಾನು, ಪಂಪುಗಳ ಮೋಟರಿಗೆ ತಂತಿ ಸುತ್ತುತ್ತಾನೆ. ಕೋಣೆ ತುಂಬ ವಾರ್ನಿಷಿನ ವಾಸನೆ, ನೆಲದ ಮೇಲೆ ಕತ್ತರಿಸಿ ತೆಗೆದ ತಾಮ್ರದ ತಂತಿಯ ಗುಪ್ಪೆ. ಗಿರಾಕಿಗಳು ಬಂದರೆ ಕಿಟಕಿಯಿಂದಲೇ ತೆಗೆದುಕೊಂಡು ಕಿಟಕಿಯಿಂದಲೇ ಕೊಡುತ್ತಿದ್ದ. ನಾನು ಮೊದಲ ಸಲ ಹೋದಾಗ ತಲೆ ಎತ್ತದೆ "ಅಕ್ಕ ಒಳಗಿದ್ದಾಳೆ" ಎಂದಷ್ಟೇ ಹೇಳಿದ. ಅಷ್ಟು ಹೇಳಿದ್ದೇ ದೊಡ್ಡದು ಎಂದು ಅಕ್ಕ ಆಮೇಲೆ ಖುಷಿಪಟ್ಟಳು.

ಅವನು ಹರೆಯದಲ್ಲಿ ಒಂದು ಆಸ್ಪತ್ರೆಯಲ್ಲಿ ಕೆಲವು ತಿಂಗಳು ಇದ್ದು ಬಂದಿದ್ದ. ಅಪ್ಪನ ಕೈಯಲ್ಲಿ ತಿಂದ ಏಟು, ಅಪ್ಪ ಸತ್ತರೆ ಸಾಕು ಎಂದು ಮಲಗುವ ಮುಂಚೆ ದಿನಾ ಅಂದುಕೊಳ್ಳುತ್ತಿದ್ದದ್ದು, ಎಲ್ಲವನ್ನೂ ಡಾಕ್ಟರ ಹತ್ತಿರ ಹೇಳಿಕೊಂಡಿದ್ದ. ಡಾಕ್ಟರು ಒಳ್ಳೆಯವರೇ. ಅವನ ಮಾತೆಲ್ಲ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಬೀಗ ಹಾಕಿಕೊಂಡು ಭದ್ರವಾಗಿತ್ತು. ಆ ಕಾಲಕ್ಕೆ ಆ ಬೀಗವೂ ಗಟ್ಟಿಯೇ. ಆಗಲೇ ಯಾರೋ ಅದನ್ನು ಬೀಗ ಸಮೇತ ನಕಲು ಮಾಡಿಕೊಂಡಿದ್ದರು. ವರ್ಷಗಳು ಕಳೆದು ಯಂತ್ರಗಳು ಚುರುಕಾದ ಮೇಲೆ ಅದು ತೆರೆದುಕೊಂಡಿತು. ಸಾವಿರಾರು ಜನರ ಗೋಳಿನ ಜೊತೆ ಇವನದೂ ಇಂಟರ್ನೆಟ್ಟಿನಲ್ಲಿ ಬಿತ್ತು. ಆಗ ಅವನು ಚೇತರಿಸಿಕೊಂಡು ಕೆಲಸದಲ್ಲಿದ್ದ. ಹೆಸರು ಹಾಕಿ ಹುಡುಕಿದರೆ ಸಾಕಿತ್ತು. ಶಾಲೆಯಲ್ಲಿ ಓದಿದರು, ನೆಂಟರು ಓದಿದರು, ಯಾರೋ ಪುಣ್ಯಾತ್ಮ ಅದನ್ನು ಅಪ್ಪನ ಫೋನಿಗೇ ಕಳಿಸಿದ. ಮುದುಕ ಮೂರು ಸಲ ಓದಿದನಂತೆ. ಆಮೇಲೆ ಸಾಯುವವರೆಗೂ ಮಗನ ಮುಖ ನೋಡಲಿಲ್ಲ, ಒಂದು ಮಾತಾಡಲಿಲ್ಲ. ಹೊಡೆದವನಿಗೆ ಅಭಿಮಾನ, ಏಟು ತಿಂದವನಿಗೆ ಅವಮಾನ!

ಅಂದಿನಿಂದ ತಮ್ಮ ಡಾಕ್ಟರ ಹೆಸರೆತ್ತಿದರೆ ಎದ್ದುಹೋಗುತ್ತಿದ್ದ. ಊಟ ಬಿಡುತ್ತಿದ್ದ, ವಾರಗಟ್ಟಲೆ ಸ್ನಾನ ಬಿಡುತ್ತಿದ್ದ. ಒಂದು ಸಲ ತನ್ನ ಕೈಗೆ ತಾನೇ ಏನೋ ಮಾಡಿಕೊಂಡಿದ್ದ, ಅದರ ಗುರುತು ತೋಳಿನ ಮೇಲಿದೆ. ಅಕ್ಕ ಮದುವೆಯ ಮಾತು ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ತಳ್ಳಿಹಾಕಿ ಅವನ ಜೊತೆ ಉಳಿದಳು. ಅವನು ಬದುಕಬೇಕು, ಬದುಕಬೇಕಾದರೆ ಯಾರ ಹತ್ತಿರವಾದರೂ ಬಾಯಿ ಬಿಡಬೇಕು, ಬಾಯಿ ಬಿಡಬೇಕಾದರೆ ಬೀಗ ಅವನ ಆಯುಸ್ಸು ಮುಗಿಯುವವರೆಗೆ ನಿಲ್ಲಬೇಕು. ಅವಳ ಇಡೀ ಕೆಲಸ ಇಷ್ಟೇ. ಯಜಮಾನರು ಅವಳು ಕಂಪನಿಗಾಗಿ ದುಡಿಯುತ್ತಿದ್ದಾಳೆ ಎಂದುಕೊಂಡಿದ್ದರು, ಪಾಪ.

ಡಬ್ಬಿ ಸಿದ್ಧವಾದಾಗ ಮೊದಲು ಒಪ್ಪಿಕೊಂಡದ್ದು ಊರಾಚೆಯ ದೊಡ್ಡಾಸ್ಪತ್ರೆ. ತಮ್ಮನಿಗೆ ಹೊಂದುವಂಥ ಒಬ್ಬ ವಯಸ್ಸಾದ ಡಾಕ್ಟರಮ್ಮ ಅಲ್ಲಿದ್ದರು. ಅಕ್ಕ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಡಬ್ಬಿ ಕೂರಿಸಿ ತಮ್ಮನ ಮುಂದೆ ಇಟ್ಟಳು. ಅವನನ್ನು ಒಪ್ಪಿಸಲು ಎಷ್ಟು ಹೆಣಗಿದಳೋ ಅವಳಿಗೇ ಗೊತ್ತು. ಕೊನೆಗೆ ಅವನು ಒಂದೇ ಪ್ರಶ್ನೆ ಕೇಳಿದನಂತೆ.

"ನೀನೇ ಮಾಡಿದ್ದಾ? ಪೂರ್ತಿ?"

"ಪೂರ್ತಿ ನಾನೇ ಕಣೋ. ನಿನ್ನಾಣೆ. ನನ್ನ ಬೀಗ ಬೀಳದೇ ಇದ್ರೆ ಅದು ತೆರೆದುಕೊಳ್ಳೋದೇ ಇಲ್ಲ. ಹಸಿರು ಚುಕ್ಕಿ ಬಂತು ಅಂದ್ರೆ ನಾನು ಬಾಗಿಲಲ್ಲಿ ಕೂತಿದೀನಿ ಅಂತ ತಿಳ್ಕೋ."

ಆ ಹಸಿರು ಚುಕ್ಕಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪರದೆಯ ಮೂಲೆಯಲ್ಲಿ ಬೀಗ ಬಿದ್ದಿದೆ ಎಂದು ತೋರಿಸುವ ಗುರುತು ಅದು. ಯಾವ ಬೀಗ ಬಿದ್ದಿದೆ ಎಂದು ತೋರಿಸಲು ಎರಡು ಬಣ್ಣ ಇರಲಿ ಎಂದು ನಾನು ಕೈಪಿಡಿ ಬರೆಯುವಾಗ ಕೇಳಿದ್ದೆ. ಯಜಮಾನರು, ಹಳದಿ ನೋಡಿದರೆ ರೋಗಿಗಳು ಹೆದರುತ್ತಾರೆ ಎಂದರು. ಅಕ್ಕನೂ, ಇರುವುದೇ ಒಂದು ಬೀಗ, ಎರಡು ಬಣ್ಣ ಯಾಕೆ ಎಂದು ನಕ್ಕಳು. ಆ ಒಂದು ವಿಷಯದಲ್ಲಿ ಮಾತ್ರ ಅವರಿಬ್ಬರೂ ಒಂದಾಗಿದ್ದರು.

ತಮ್ಮ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಡಾಕ್ಟರಮ್ಮನ ಜೊತೆ ಕೂತರೆ ಅಕ್ಕ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದಳು. ಬಿಸಿಲಿರಲಿ ಚಳಿಯಿರಲಿ. ಒಂದು ಮಾತೂ ಕಿವಿಗೆ ಬೀಳಬಾರದು ಎಂದು. ಆದರೆ ಶುರುವಿನಿಂದಲೇ ತೊಂದರೆ. ಹತ್ತು ಸಲ ತಟ್ಟಿದರೆ ಡಬ್ಬಿ ಒಮ್ಮೆ ತೆರೆಯುತ್ತಿತ್ತು, ತೆರೆದರೂ ಮಾತಿನ ಮಧ್ಯೆ ಕಟ್ಟಾಗುತ್ತಿತ್ತು. ಆಗೆಲ್ಲ ತಮ್ಮ ಬಾಗಿಲು ತೆಗೆದು "ಹೋಯ್ತು" ಎಂದು ಹೇಳಿ ಮತ್ತೆ ಮೋಟರ್ ಹಿಡಿದುಕೊಂಡು ಕೂರುತ್ತಿದ್ದ.

ಅಕ್ಕ ಕಾರಣ ಕಂಡುಹಿಡಿದಳು. ಎರಡು ಕಂಪ್ಯೂಟರುಗಳು ಬೀಗ ಹಾಕಿಕೊಳ್ಳುವ ಮುಂಚೆ ಒಂದಕ್ಕೊಂದು ನಮಸ್ಕಾರ ಹೇಳಿಕೊಳ್ಳುತ್ತವೆ. ಹಳೇ ಬೀಗದ ನಮಸ್ಕಾರ ಚಿಕ್ಕದು, ಒಂದೇ ಪೊಟ್ಟಣದಲ್ಲಿ ಹೋಗುತ್ತದೆ. ಹೊಸ ಬೀಗದ ಕೀಲಿ ದಪ್ಪ, ಅದನ್ನು ಹೊತ್ತ ನಮಸ್ಕಾರ ಎರಡು ಪೊಟ್ಟಣವಾಗುತ್ತದೆ. ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಒಳಬರುವುದನ್ನೆಲ್ಲ ತಪಾಸಣೆ ಮಾಡುವ ಒಂದು ಓಬೀರಾಯನ ಕಾಲದ ಪೆಟ್ಟಿಗೆ ಇತ್ತು. ನಮಸ್ಕಾರ ಎಂದರೆ ಒಂದೇ ಪೊಟ್ಟಣ ಎಂದು ಅದರ ತಲೆಯಲ್ಲಿ ಕೂತುಬಿಟ್ಟಿದೆ. ಎರಡನೆಯದು ಬಂದರೆ ಒಮ್ಮೊಮ್ಮೆ ಬಿಡುತ್ತದೆ, ಹೆಚ್ಚಿನ ಸಲ ಎಸೆಯುತ್ತದೆ. ಆ ಪೆಟ್ಟಿಗೆ ಬದಲಾಯಿಸಿದರೆ ಮುಗಿಯಿತು. ಬದಲಾಯಿಸಿ ಎಂದು ಆಸ್ಪತ್ರೆಗೆ ಹೇಳಲು ಯಜಮಾನರು ತಯಾರಿಲ್ಲ.

"ಬಂದಿರೋ ಮೊದಲನೇ ಗಿರಾಕಿಗೆ ನಿಮ್ಮ ಬಾಗಿಲು ಸರಿ ಇಲ್ಲ ಅನ್ನಕ್ಕಾಗುತ್ತೇನಮ್ಮ? ಹೊಸ ಬೀಗ ಹೋಗ್ಲಿಲ್ಲ ಅಂದ್ರೆ ಹಳೇದು ಬೀಳೋ ಹಾಗೆ ಮಾಡು. ಎಲ್ರೂ ಹಾಗೇ ಮಾಡ್ತಾರೆ."

"ಮಾಡಲ್ಲ."

"ಮಾಡಲ್ಲ ಅಂದ್ರೆ?"

"ಹಾಗ್ ಮಾಡೋದಾದ್ರೆ ಹೊಸ ಬೀಗ ಯಾಕೆ ಸಾರ್ ಮಾಡಿದ್ದು? ಹೆಸರಿಗಾ?"

ಅವರು ಮುಖ ಕೆಂಪಗೆ ಮಾಡಿಕೊಂಡು ಗಾಜಿನ ಗೂಡು ಸೇರಿದರು. ಅಕ್ಕ ನಮಸ್ಕಾರವನ್ನೇ ಹೇಗಾದರೂ ಹಿಂಡಿ ಚಿಕ್ಕದು ಮಾಡಬಹುದೇ ಎಂದು ತಲೆ ಕೆಡಿಸಿಕೊಂಡು ಕೂತಳು. ವಾರಗಳು ಹೋದವು. ದಾರಿ ಹೊಳೆಯಲಿಲ್ಲ.

ಈ ನಡುವೆ ಮನೆಯಲ್ಲಿ ಒಂದು ಬದಲಾವಣೆ ಆಯಿತು. ಲ್ಯಾಪ್‌ಟಾಪ್ ಕೈಕೊಡುವುದು ಕಡಿಮೆಯಾಗಿ, ಆಮೇಲೆ ನಿಂತೇಹೋಯಿತು. ತಮ್ಮ "ಹೋಯ್ತು" ಎಂದು ಬಾಗಿಲು ತೆಗೆಯುವುದಿಲ್ಲ. ಒಳಗೇ ಕೂತಿರುತ್ತಾನೆ, ಹೊರಗೆ ಬಂದಾಗ ಕಣ್ಣು ಕೆಂಪಗಿರುತ್ತದೆ, ಆದರೆ ತಟ್ಟೆ ಖಾಲಿ ಮಾಡುತ್ತಾನೆ. ಒಂದು ದಿನ ಕಿಟಕಿ ಬಿಟ್ಟು ಬಾಗಿಲು ತೆಗೆದು ಗಿರಾಕಿಯನ್ನು ಒಳಗೆ ಕರೆದು ಕೂರಿಸಿದ. ಇನ್ನೊಂದು ದಿನ ಅಕ್ಕನ ಜೊತೆ ಬೀದಿ ಕೊನೆಯವರೆಗೆ ನಡೆದು ಬಂದ. ಅಕ್ಕ ಆಫೀಸಿನಲ್ಲಿ ಹಾಡು ಗುನುಗುತ್ತಿದ್ದಳು. ಆಸ್ಪತ್ರೆಯವರೇ ಕೊನೆಗೂ ಪೆಟ್ಟಿಗೆ ಬದಲಾಯಿಸಿರಬೇಕು ಎಂದುಕೊಂಡಳು. ವಿಚಾರಿಸಿದಳೇ? ಇಲ್ಲ. ಗ್ಯಾಸಿನ ತಿರುಗಣೆಯನ್ನು ಹೊರಡುವ ಮುಂಚೆ ಮತ್ತೆ ಮತ್ತೆ ಮುಟ್ಟಿ ನೋಡುವ ಹೆಂಗಸು ಅದೊಂದನ್ನು ಮುಟ್ಟಿ ನೋಡಲಿಲ್ಲ. ತಮ್ಮ ಊಟ ಮಾಡುತ್ತಿದ್ದನಲ್ಲ, ಅವಳಿಗೆ ಅಷ್ಟು ಸಾಕಾಗಿತ್ತು.

ಆಮೇಲೆ ಫೋನ್ ಬಂತು. ದೊಡ್ಡಾಸ್ಪತ್ರೆಯ ಹಿರಿಯ ದಾದಿ. ಕೈಪಿಡಿಯ ಹಿಂದೆ ನನ್ನ ನಂಬರ್ ಇದ್ದದ್ದರಿಂದ ನನಗೇ ಮಾಡಿದ್ದರು. ಅಕ್ಕನೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ನಿಮಗೊಂದು ಥ್ಯಾಂಕ್ಸ್ ಹೇಳೋಣ ಅಂತ ಮಾಡ್ದೆ. ಈಗ ಒಂದ್ಸಲಾನೂ ಕಟ್ ಆಗ್ತಿಲ್ಲ ನೋಡಿ, ರೋಗಿಗಳು ಮನಸ್ಸು ಬಿಚ್ಚಿ ಮಾತಾಡ್ತಿದಾರೆ. ಏನ್ ರಿಪೇರಿ ಮಾಡಿದ್ರೋ ಪುಣ್ಯ ಬರ್ಲಿ."

ಅಕ್ಕ ನಗುತ್ತಾ ಮುಂದೆ ಬಾಗಿ ಕೇಳಿದಳು. "ರಿಪೇರಿ ನಿಮ್ಮದೇ ಅಲ್ವಾ ಮೇಡಂ? ಬಾಗಿಲ ಪೆಟ್ಟಿಗೆ ಹೊಸದು ಹಾಕಿದ್ರಲ್ಲ."

"ಇಲ್ಲಪ್ಪ, ನಮ್ಮಲ್ಲಿ ಯಾರೂ ಏನೂ ಮುಟ್ಟಿಲ್ಲ. ಆ ಪೆಟ್ಟಿಗೆ ಮೇಲೆ ಧೂಳು ಕೂಡ ಹಾಗೇ ಇದೆ."

ನಗು ಅವಳ ಮುಖದ ಮೇಲೆ ಇನ್ನೂ ಇತ್ತು, ಕಣ್ಣಿನಲ್ಲಿ ಇರಲಿಲ್ಲ. ನನಗೆ ಏನೂ ಅರ್ಥವಾಗಲಿಲ್ಲ. ದಾದಿ ಹೊಗಳಿ ಫೋನಿಟ್ಟಿದ್ದರು, ಇವಳು ಸಾವಿನ ಸುದ್ದಿ ಕೇಳಿದವಳ ಹಾಗೆ ಕೂತಿದ್ದಳು. "ನಾನು ಇನ್ನೂ ಸರಿ ಮಾಡೇ ಇಲ್ಲ ಕಣೇ" ಎಂದಳು. "ಅವರೂ ಮಾಡಿಲ್ಲ. ಮತ್ತೆ ಅದು ಹೇಗೆ ತೆರೀತಿದೆ?"

ಎದ್ದು ನೇರ ಡಬ್ಬಿಯಣ್ಣನ ಮೇಜಿಗೆ ಹೋದಳು. ಅವನು ಕೂತಲ್ಲೇ ಕುಗ್ಗಿದ.

"ಡಬ್ಬಿ ಬಿಚ್ಚಿದೀರಾ?"

"ಇಲ್ಲಕ್ಕ, ನಿಮ್ಮ ಮುದ್ರೆ ನಾನ್ಯಾಕೆ ಮುಟ್ಟಲಿ? ಡಬ್ಬಿ ಹಾಗೇ ಇದೆ. ಸಾಹೇಬ್ರು ಹೇಳಿದ್ರು ಅಂತ... ಆ ಸ್ವಿಚ್ಚು ಹಾಕ್ದೆ ಅಷ್ಟೆ. ನೀವೇ ಇಟ್ಟಿದ್ರಲ್ಲ."

ಅವಳೇ ಇಟ್ಟಿದ್ದಳು. ಡಬ್ಬಿ ಕಟ್ಟುವ ಕಾಲದಲ್ಲಿ, ಹೊಸ ಬೀಗಕ್ಕೂ ಹಳೆಯದಕ್ಕೂ ವೇಗ ಹೋಲಿಸಿ ನೋಡಲು ಒಂದು ಸ್ವಿಚ್ಚು ಬೇಕಾಗಿತ್ತು. ಪ್ರತಿ ಸಲ ಡಬ್ಬಿ ಬಿಚ್ಚಿ ಕಟ್ಟುವುದು ತಲೆನೋವು ಎಂದು ಅದನ್ನು ಹೊರಗಿನಿಂದ ಹಾಕುವ ಹಾಗೆ ಮಾಡಿಕೊಂಡಿದ್ದಳು. ರವಾನಿಸುವಾಗ ಜೊತೆಗೆ ಒಂದು ಸಾಲು ಬರೆದರೆ ಸಾಕು, ಒಳಗಿನ ತಂತ್ರಾಂಶ ಹಳೇ ಬೀಗ ಹಾಕಿಕೊಳ್ಳುತ್ತದೆ. ಈ ಕಸುಬಿನವರೆಲ್ಲ ಹಾಗೇ ಮಾಡುತ್ತಾರಂತೆ, ಕೆಲಸ ಮುಗಿದ ಮೇಲೆ ತೆಗೆಯಬೇಕು. ತೆಗೆಯುವುದು ಮರೆತಿತ್ತು. ಮುದ್ರೆ ಕಾಯುವುದು ಡಬ್ಬಿಯ ಒಳಗಿರುವುದನ್ನು ಮಾತ್ರ. ಹೊರಗಿನಿಂದ ಯಾರು ಏನು ಹೇಳಿ ಅದನ್ನು ಎಬ್ಬಿಸುತ್ತಾರೆ ಎಂಬುದು ಮುದ್ರೆಯ ಲೆಕ್ಕಕ್ಕೆ ಬರುವುದಿಲ್ಲ. ಒಳಗೆ ಒಂದು ಸೂಜಿ ಅಲುಗದ ಹಾಗೆ ಕಾದಿದ್ದವಳು ಸ್ವಿಚ್ಚನ್ನು ಬೀದಿಯಲ್ಲಿ ಬಿಟ್ಟಿದ್ದಳು.

ಡಬ್ಬಿಯಣ್ಣ ದೊಡ್ಡಾಸ್ಪತ್ರೆಯ ಲೆಕ್ಕದಲ್ಲಿದ್ದ ಎಲ್ಲರಿಗೂ ಆ ಸಾಲು ಸೇರಿಸಿ ಡಬ್ಬಿಯನ್ನು ಮತ್ತೆ ರವಾನಿಸಿದ್ದ. ಅದರಲ್ಲಿ ವಾರ್ನಿಷ್ ವಾಸನೆಯ ಕೋಣೆಯ ಆ ಹಳೇ ಲ್ಯಾಪ್‌ಟಾಪೂ ಇತ್ತು. ಹಸಿರು ಚುಕ್ಕಿ ಎಂದಿನ ಹಾಗೆ ಹಸಿರಾಗಿಯೇ ಇತ್ತು. ಇನ್ನೊಂದು ಬಣ್ಣ ಇರಲೇ ಇಲ್ಲವಲ್ಲ.

ಗಾಜಿನ ಗೂಡಿನ ಬಾಗಿಲನ್ನು ಅಕ್ಕ ತಟ್ಟದೆ ತೆಗೆದಳು. ಯಜಮಾನರು ಸಿದ್ಧರಾಗೇ ಇದ್ದರು. ಇಂಥವರಿಗೆ ಬೇರೇನೂ ಬಾರದಿದ್ದರೂ ತಿಪ್ಪೆ ಸಾರಿಸುವುದು ಚೆನ್ನಾಗಿ ಬರುತ್ತದೆ.

"ಯಾಕಮ್ಮ ಊರು ಮುಳುಗಿದ ಹಾಗಾಡ್ತೀಯ? ಬೀಗ ಇಲ್ಲ ಅಂದ್ನಾ? ಇದೆ. ಇವತ್ತು ಭೂಮಿ ಮೇಲೆ ಅದನ್ನ ತೆಗೆಯೋರು ಯಾರಿದಾರೆ ತೋರಿಸು."

"ಇವತ್ತಿನ ಮಾತಲ್ಲ ಸಾರ್."

"ಆ ಯಂತ್ರ ಇನ್ನೂ ಹುಟ್ಟೇ ಇಲ್ಲ! ಯಾರಾದ್ರೂ ನಕಲು ಮಾಡ್ಕೊಂಡಿದಾರೆ ಅಂತ ಗೊತ್ತಾ ನಿನಗೆ?"

"ಇಲ್ಲ."

"ಮತ್ತೆ?"

"ಮಾಡ್ಕೊಂಡಿಲ್ಲ ಅಂತಾನೂ ಗೊತ್ತಿಲ್ಲ. ಯಾವತ್ತೂ ಗೊತ್ತಾಗಲ್ಲ. ಅದೇ ಸಾರ್ ವಿಷಯ."

"ನೋಡು, ಆ ದಾದಿ ನಿನ್ನೆ ನನಗೂ ಫೋನ್ ಮಾಡಿದ್ರು. ರೋಗಿಗಳು ಮಾತಾಡ್ತಿದಾರೆ. ಹುಷಾರಾಗ್ತಿದಾರೆ. ನಿನ್ನ ಬೀಗ ಬಿದ್ದಿದ್ದಾಗ ಒಬ್ಬನಾದ್ರೂ ಮಾತಾಡಿದ್ನಾ?"

ಆ ಮನುಷ್ಯನ ಮಾತಿನಲ್ಲಿ ಒಂದು ಚೂರು ನಿಜ ಇತ್ತು, ನನಗೆ ಇವತ್ತಿಗೂ ತಡೆಯಲಾಗದ್ದು ಅದೇ. ಪೂರ್ತಿ ಸುಳ್ಳುಗಾರನಾಗಿದ್ದರೆ ಶಪಿಸಿ ಸುಮ್ಮನಾಗಬಹುದಿತ್ತು.

ಅವಳು ಅಲ್ಲೇ ಸ್ವಿಚ್ಚು ತೆಗೆಸಿದಳು. ಆದರೆ ತಂತಿಯ ಮೇಲೆ ಹೋದ ಮಾತು ಹೋಗಿಯಾಗಿತ್ತು. ಅದನ್ನು ಹಿಂದಕ್ಕೆ ಕರೆದು ಗಟ್ಟಿ ಬೀಗ ಹಾಕಿ ಮತ್ತೆ ಕಳಿಸುವಂತಿಲ್ಲ.

ಆ ಮಧ್ಯಾಹ್ನ ಬಸ್ಸಿನಲ್ಲಿ ಅವಳ ಜೊತೆ ನಾನೂ ಹೋದೆ. "ಒಬ್ಬಳೇ ಹೋದ್ರೆ ಹೇಳದೇ ಇದ್ದುಬಿಡ್ತೀನಿ, ನೀನೂ ಬಾ" ಎಂದಿದ್ದಳು. ದಾರಿಯಲ್ಲಿ ನಾನೇ ಅವಳ ತಲೆ ಕೆಡಿಸಲು ನೋಡಿದೆ.

"ಅಕ್ಕ, ಹೇಳ್ಬೇಡ. ಈಗೀಗ ಊಟ ಮಾಡ್ತಿದಾನೆ. ನಡೆದಾಡ್ತಿದಾನೆ. ಯಾರೂ ಕದ್ದಿರಲಿಕ್ಕಿಲ್ಲ. ಏನಕ್ಕೆ ಹೇಳ್ತೀಯ?"

"ಅವತ್ತು ಅವನಿದ್ದ ಆಸ್ಪತ್ರೆಯವರಿಗೂ ಮೊದಲೇ ಅನುಮಾನ ಇತ್ತು ಕಣೇ. ಯಾರೂ ಕದ್ದಿರಲಿಕ್ಕಿಲ್ಲ ಅಂತ ಅವರೂ ಬಾಯಿ ಮುಚ್ಕೊಂಡಿದ್ರು."

ಬಸ್ಸು ನಿಂತಾಗ ಅವಳೇ ಮೊದಲು ಇಳಿದಳು.

ತಮ್ಮ ಬಾಗಿಲು ತೆರೆದಿಟ್ಟುಕೊಂಡೇ ಕೆಲಸ ಮಾಡುತ್ತಿದ್ದ. ನನ್ನನ್ನು ನೋಡಿ ಸ್ಟೂಲಿನ ಮೇಲಿದ್ದ ತಂತಿಯ ಉಂಡೆ ಎತ್ತಿ "ಕೂತ್ಕೊಳಿ" ಎಂದ. ಅವನ ಬಾಯಿಂದ ಆ ಮಾತು ನಾನು ಮೊದಲ ಸಲ ಕೇಳಿದ್ದು. ಅಕ್ಕ ನಿಂತುಕೊಂಡೇ ಹೇಳಿದಳು. ಸುತ್ತಿಬಳಸದೆ, ಯಜಮಾನರ ಮೇಲೆ ಹಾಕದೆ, ಸ್ವಿಚ್ಚು ಇಟ್ಟದ್ದು ತಾನು, ತೆಗೆಯಲು ಮರೆತದ್ದು ತಾನು, ಬಣ್ಣ ಎರಡು ಬೇಡ ಎಂದದ್ದೂ ತಾನು ಎಂದು. ಅವನು ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ. ಅವಳು ಮುಗಿಸಿದ ಮೇಲೆ ಆ ಸುತ್ತು ಪೂರ್ತಿ ಮಾಡಿ, ತುದಿಯನ್ನು ಹಲ್ಲಿನಿಂದ ಕಚ್ಚಿ ಗಂಟು ಹಾಕಿ ಆಮೇಲೆ ಕೇಳಿದ.

"ಯಾವತ್ತಿಂದ?"

"ಕಟ್ ಆಗೋದು ನಿಂತಿತಲ್ಲ. ಅವತ್ತಿಂದ."

ಅವನು ಮೋಟರನ್ನು ಪಕ್ಕಕ್ಕೆ ಇಟ್ಟ.

"ಅದಕ್ಕೆ ಮುಂಚೆ ನಾನು ಏನೂ ಹೇಳಿರ್ಲಿಲ್ಲ ಅಕ್ಕ. ಬಾಯಿ ತೆಗೆದ್ರೆ ಕಟ್ ಆಗೋದು. ಅರ್ಧದಲ್ಲಿ ನಿಂತ್ಹೋಗೋ ಕಡೆ ಯಾರಾದ್ರೂ ಅಂಥದ್ದೆಲ್ಲ ಹೇಳ್ತಾರಾ? ಹವೆ ಬಗ್ಗೆ ಹೇಳ್ತಿದ್ದೆ, ಮೋಟರ್ ಬಗ್ಗೆ ಹೇಳ್ತಿದ್ದೆ. ನಿಂಗೆ ಬೇಜಾರಾಗ್ಬಾರ್ದು ಅಂತ ಕೂತಿರ್ತಿದ್ದೆ ಅಷ್ಟೆ." ನೆಲದ ಮೇಲಿದ್ದ ತಂತಿಯ ಚೂರುಗಳನ್ನು ಒಟ್ಟುಮಾಡುತ್ತಾ ಹೇಳಿದ. "ಆಮೇಲೆ ಚೆನ್ನಾಗಿ ಬರಕ್ಕೆ ಶುರುವಾಯ್ತು. ಹಸಿರು ಚುಕ್ಕಿ ಅಲ್ಲಾಡ್ತಾನೇ ಇರ್ಲಿಲ್ಲ. ಆಗ ಎಲ್ಲ ಹೇಳ್ದೆ."

ಅಕ್ಕ ಗೋಡೆಗೆ ಒರಗಿದಳು. ಅವಳ ಬೀಗ ಬಿದ್ದಿದ್ದ ದಿನಗಳಲ್ಲೆಲ್ಲ ಅದು ಕಾದದ್ದು ಹವೆಯ ಸುದ್ದಿಯನ್ನು. ಅವನು ಎದೆ ಬಿಚ್ಚಿದ ಪ್ರತಿ ಮಾತೂ ಹೋದದ್ದು ಹಳೇ ಬೀಗದಲ್ಲಿ. ಆ ಹಳೇ ಬೀಗ ಇಲ್ಲದಿದ್ದರೆ ಅವನು ಬಾಯಿಯನ್ನೇ ಬಿಡುತ್ತಿರಲಿಲ್ಲ. ಇದಕ್ಕೆ ಏನು ಹೇಳುತ್ತೀರಿ? ನಾನು ಕೈಪಿಡಿ ಬರೆಯುವವಳು, ಎಂಥ ಕಗ್ಗಂಟನ್ನಾದರೂ ಬಿಡಿಸಿ ಬರೆಯುತ್ತೇನೆ ಎಂಬ ಜಂಭ ಇತ್ತು ನನಗೆ. ಇದೊಂದನ್ನು ಬಿಡಿಸಿ ಬರೆಯಲು ಇವತ್ತಿಗೂ ಬಂದಿಲ್ಲ.

"ಅಪ್ಪನ ಬಗ್ಗೆನಾ?" ಅಕ್ಕ ಕೇಳಿದಳು. ಕೇಳಬಾರದಿತ್ತು. ಕೇಳಿಬಿಟ್ಟಳು.

"ಅಪ್ಪಂದು ಎಲ್ರಿಗೂ ಗೊತ್ತಲ್ಲ. ಅದರಲ್ಲಿ ಹೇಳೋದೇನಿದೆ?" ಅವನು ಎದ್ದು ಲ್ಯಾಪ್‌ಟಾಪನ್ನು ಮುಚ್ಚಿ ಅವಳ ಕೈಗೆ ಕೊಟ್ಟ. ಗದರಲಿಲ್ಲ, ಬಿಸಾಡಲಿಲ್ಲ, ಗಿರಾಕಿಗೆ ಫ್ಯಾನು ಕೊಡುವ ಹಾಗೆ ಎರಡು ಕೈಯಲ್ಲಿ ಕೊಟ್ಟ. "ನಿನ್ನ ಬಗ್ಗೆ ಹೇಳಿದೀನಿ."

ಅಷ್ಟು ಹೇಳಿ ಬಾಗಿಲು ಹಾಕಿ ಕಿಟಕಿಯ ಪಕ್ಕ ಹೋಗಿ ಕೂತ.

ಅಕ್ಕ ಆ ವಾರವೇ ಕೆಲಸ ಬಿಟ್ಟಳು. ಯಜಮಾನರು ತಡೆಯಲಿಲ್ಲ. ಅವಳು ಹೋದ ಮೇಲೆ ಸ್ವಿಚ್ಚು ಮತ್ತೆ ಹಾಕಿಸಿದರು, ಈ ಸಲ ಯಾರಿಂದಲೂ ಬಚ್ಚಿಡುವ ಗೋಜೂ ಇರಲಿಲ್ಲ. ಕೈಪಿಡಿಯ ಮೊದಲ ಪುಟದಲ್ಲಿ "ಕ್ವಾಂಟಂ ಯಂತ್ರಕ್ಕೂ ಬಗ್ಗದ ಭದ್ರತೆ" ಎಂಬ ಸಾಲನ್ನು ನಾನು ಹೊಡೆದು ಹಾಕಿದೆ. ಅಚ್ಚಾಗಿ ಬಂದಾಗ ಅದು ಇನ್ನೂ ದಪ್ಪ ಅಕ್ಷರದಲ್ಲಿ ಅಲ್ಲೇ ಇತ್ತು. ಮುಂದಿನ ವರ್ಷ ಕಂಪನಿಗೆ ಒಂದು ಪ್ರಶಸ್ತಿಯೂ ಬಂತು, ಅಷ್ಟು ಹೊತ್ತಿಗೆ ನಾನೂ ಅಲ್ಲಿರಲಿಲ್ಲ. ಅಕ್ಕ ಈಗ ಒಂದು ಗೋದಾಮಿನಲ್ಲಿ ಬರುವ ಹೋಗುವ ಸರಕಿನ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಅಲ್ಲಿ ಯಾರಿಗೂ ಗುಟ್ಟಿಲ್ಲ, ಅದೇ ಹಾಯಾಗಿದೆ ಎನ್ನುತ್ತಾಳೆ. ಹಾಯಾಗಿರುವವರ ಮುಖ ನನಗೆ ಗೊತ್ತಿದೆ, ಅವಳದು ಹಾಗಿಲ್ಲ.

ಮೊನ್ನೆ ಅವಳ ಮನೆಗೆ ಹೋಗಿದ್ದೆ. ಮುಂದಿನ ಕೋಣೆಯ ಬಾಗಿಲು ಹಾಕಿತ್ತು. ತಮ್ಮ ಮತ್ತೆ ಕಿಟಕಿಗೆ ಬಂದಿದ್ದಾನೆ. ಡಾಕ್ಟರಮ್ಮ ತಾವೇ ಮನೆಗೆ ಬರುತ್ತೇನೆಂದು ಹೇಳಿ ಕಳಿಸಿದರೂ ಬೇಡವೆಂದನಂತೆ. ಊಟ ಮಾತ್ರ ಬಿಟ್ಟಿಲ್ಲ, ಅದೊಂದು ಉಳಿದಿದೆ. ಅಕ್ಕ ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದಳು. ಬಹಳ ದಿನದಿಂದ ನಾಲಿಗೆ ತುದಿಯಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

"ನಿನ್ನ ಬಗ್ಗೆ ಏನು ಹೇಳಿದಾನೆ ಅಂತ ಯಾವತ್ತಾದ್ರೂ ಹೇಳಿದ್ನಾ?"

"ಇಲ್ಲ. ನಾನೂ ಕೇಳಿರ್ಲಿಲ್ಲ. ಅಪ್ಪ ಆ ಫೋನ್ ಹಿಡ್ಕೊಂಡು ಓದ್ತಿದ್ದದ್ದು ಕಣ್ಮುಂದೆ ಬರುತ್ತೆ. ಮುಂದೆ ಒಂದಿನ ಯಾರೋ ನನಗೂ ಕಳಿಸ್ತಾರೆ, ನಾನೂ ಕೂತು ಓದ್ತೀನಿ ಅನ್ಸುತ್ತೆ." ಲೋಟ ನನ್ನ ಕಡೆ ತಳ್ಳಿದಳು. "ಹೋದ ವಾರ ತಡೆಯಕ್ಕಾಗದೆ ಅದನ್ನೇ ಅವನಿಗೆ ಹೇಳ್ಬಿಟ್ಟೆ. ಭಯ ಆಗುತ್ತೆ ಕಣೋ ಅಂದೆ."

"ಅದಕ್ಕೆ?"

"ತಲೆ ಮೇಲೆ ಕೈ ಇಟ್ಟ. ಎಷ್ಟೋ ವರ್ಷ ಆದ್ಮೇಲೆ ನನ್ನ ಮುಟ್ಟಿದ್ದು ಅವನು. 'ಹೆದರ್ಬೇಡ ಅಕ್ಕ, ಆ ಯಂತ್ರ ಬರೋ ಹೊತ್ತಿಗೆ ನೀನು ಇರಲ್ಲ' ಅಂದ."

ಅವಳ ದನಿಯಲ್ಲಿ ಅಳು ಇರಲಿಲ್ಲ. "ಸಮಾಧಾನಕ್ಕೇ ಹೇಳಿದ್ದು ಕಣೇ, ಪಾಪ" ಎಂದಳು. ಆಮೇಲೆ ಇನ್ನೊಂದು ಲೋಟಕ್ಕೆ ಟೀ ಹಾಕಿಕೊಂಡು ಅವನ ಕೋಣೆಯ ಬಾಗಿಲ ಹೊರಗೆ ನೆಲದ ಮೇಲೆ ಇಟ್ಟು ಬಂದಳು.